ರೊಟ್ಟಿ ಬಡಿಯದ ಮುಂಜಾನೆ

ನಮ್ಮ ಪಡಸಾಲೆಯಲ್ಲಿ ಒಂದು ಗೋಡೆ ಗಡಿಯಾರವಿತ್ತು. ಅಜ್ಜ ಅದನ್ನು ಬೆಳಗಾವಿಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದಿದ್ದ. ಬಂದವರೆಲ್ಲ ಅದನ್ನು ಹೊಗಳುತ್ತಿದ್ದರು, ಆದರೆ ಹೊತ್ತು ಎಷ್ಟಾಯಿತೆಂದು ಅದರ ಕಡೆ ತಿರುಗಿ ನೋಡುವವರು ಯಾರೂ ಇರಲಿಲ್ಲ. ನಮ್ಮ ಓಣಿಗೆ ಹೊತ್ತು ಹೇಳುತ್ತಿದ್ದದ್ದು ರೊಟ್ಟಿ. ಮನೆಗಳು ಒಂದರ ಗೋಡೆಗೆ ಒಂದು ಆತುಕೊಂಡಿದ್ದವು, ಅಡಿಗೆಮನೆಗಳೆಲ್ಲ ಹಿಂದುಗಡೆ ಸಾಲಾಗಿದ್ದವು. ಕೋಳಿ ಕೂಗಿದ ಮೇಲೆ ಮೊದಲು ಮೂಲೆಮನೆಯಲ್ಲಿ, ಆಮೇಲೆ ಅದರ ಪಕ್ಕದಲ್ಲಿ, ಹೀಗೆ ಜೋಳದ ಹಿಟ್ಟಿನ ಮೇಲೆ ಅಂಗೈ ಬೀಳುವ ಸದ್ದು ಗೋಡೆಯಿಂದ ಗೋಡೆಗೆ ದಾಟುತ್ತ ನಮ್ಮ ಮನೆಗೆ ಬರುತ್ತಿತ್ತು. ಯಾರ ಕೈ ಯಾವುದು ಎಂದು ಹಾಸಿಗೆಯಲ್ಲಿದ್ದೇ ಹೇಳಬಹುದಿತ್ತು. ಪಕ್ಕದ ಮನೆ ಕಲ್ಲವ್ವನದು ಬಿಡುವಿಲ್ಲದ ಕೈ, ಯಾರನ್ನೋ ಬೈಯುತ್ತಿದ್ದಂತೆ. ನಮ್ಮ ಅವ್ವನದು ಎರಡು ಹಗುರ, ಒಂದು ಜೋರು. ನನ್ನ ಅಪ್ಪನ ತಾಯಿ, ನಾವು ಆಯಿ ಅನ್ನುತ್ತಿದ್ದವಳು, ಕೌದಿಯೊಳಗಿಂದಲೇ ಊರಿನ ಸಮಾಚಾರ ಓದುತ್ತಿದ್ದಳು.

"ಕಲ್ಲವ್ವ ಇವತ್ತ ಗಂಡನ ಮ್ಯಾಲೆ ಸಿಟ್ಟಿನ್ಯಾಗ ಅದಾಳ ನೋಡ. ಹಿಟ್ಟ ಏನ ತಪ್ಪ ಮಾಡೇತಿ ಪಾಪ."

ಒಂದು ಮನೆಯ ಸದ್ದು ನಿಲ್ಲುವುದು ಅಲ್ಲಿ ಸಾವಾದಾಗ ಮಾತ್ರ. ಸತ್ತ ಮನೆಯಲ್ಲಿ ಒಲೆಯ ಮೇಲೆ ರೊಟ್ಟಿಯ ಹಂಚು ಇಡುವಂತಿಲ್ಲ. ಹಾಗೆ ಸದ್ದು ನಿಂತ ಮನೆಯವರನ್ನು ಏನಾಯಿತು, ಯಾರಿಗಾಯಿತು ಎಂದು ಕೇಳುತ್ತ ನಿಲ್ಲುವುದು ನಮ್ಮ ಓಣಿಯಲ್ಲಿ ಮರ್ಯಾದೆಯಲ್ಲ. ತಾವು ಬಡಿದ ರೊಟ್ಟಿಯಲ್ಲಿ ಅರ್ಧವನ್ನೂ ಒಗ್ಗರಣೆ ಹಾಕದ ಸಪ್ಪನ ಬೇಳೆಯನ್ನೂ ತೆಗೆದುಕೊಂಡು ಸುಮ್ಮನೆ ಹೋಗಿ ಪಡಸಾಲೆಯಲ್ಲಿ ಇಡಬೇಕು. ಅತ್ತವರು ಅತ್ತುಕೊಳ್ಳಲಿ, ಹೊಟ್ಟೆ ಮಾತ್ರ ತಪ್ಪಿಸಿಕೊಳ್ಳಬಾರದು ಎನ್ನುವ ಲೆಕ್ಕ. ಇನ್ನೊಂದು ಕಟ್ಟಳೆಯೂ ಇತ್ತು. ಸಾವಿನ ಮನೆಗೆಂದು ಹೊಸ್ತಿಲು ದಾಟಿದ ರೊಟ್ಟಿಯನ್ನು ತಂದವರು ಮರಳಿ ಒಯ್ಯುವಂತಿಲ್ಲ. ಒಯ್ದರೆ ಸಾವನ್ನು ಕೈಹಿಡಿದು ತಮ್ಮ ಮನೆಗೆ ಕರೆದುಕೊಂಡು ಹೋದಂತೆ. ಈ ಎರಡು ಕಟ್ಟಳೆಗಳು ಸೇರಿ ನನ್ನನ್ನು ಸಾಲಿಗೆ, ಅಂದರೆ ಶಾಲೆಗೆ, ಕಳಿಸಿದವು. ಅದನ್ನು ಹೇಳುವುದಕ್ಕೆ ಮುಂಚೆ ಊರಿನ ಮಾತು ಸ್ವಲ್ಪ ಹೇಳಬೇಕು.

ರಾಮದುರ್ಗದವರಿಗೆ ಅರಮನೆ ಇತ್ತು. ಸವದತ್ತಿಯವರಿಗೆ ಕೋಟೆ ಇತ್ತು, ಮೇಲೆ ಗುಡ್ಡದಲ್ಲಿ ಎಲ್ಲಮ್ಮ ಇದ್ದಳು. ಕಿತ್ತೂರಿನವರ ಮಾತು ಬಿಡಿ, ಅವರಿಗೆ ರಾಣಿಯೇ ಇದ್ದಳು. ಯರಗಟ್ಟಿಯವರಾದ ನಮಗೆ ಇದ್ದದ್ದು ದಾರಿಗಳು. ಬೆಳಗಾವಿ ಕಡೆಯಿಂದ ಬಂದ ಬಸ್ಸು, ಸುತ್ತಲಿನ ಹಳ್ಳಿಗಳಿಂದ ಬಂದ ಚಕ್ಕಡಿ, ಹತ್ತಿ ಹೇರಿದ ಲಾರಿ ಎಲ್ಲ ನಮ್ಮಲ್ಲಿ ನಿಂತು ಉಸಿರು ಬಿಟ್ಟು ಮುಂದೆ ಹೋಗುತ್ತಿದ್ದವು. ನಿಂತವರಿಗೆ ಚಹಾ ಬೇಕು, ಎತ್ತಿಗೆ ನೀರು ಬೇಕು, ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ ಬೇಕು. ಹೀಗೆ ಬೇಕು ಬೇಕು ಎಂದವರ ಸುತ್ತ ಬೆಳೆದ ಊರು ಅದು. ಹೆಮ್ಮೆಪಡಲು ಹಳೆಯದೇನೂ ಇರಲಿಲ್ಲವಾದ್ದರಿಂದ ನಮ್ಮ ಹಿರಿಯರು ಹೊಸದಾಗಿ ಏನಾದರೂ ಮಾಡುವುದರಲ್ಲಿ ಬಲು ಹುರುಪಿನವರು. ಬಾವಿ ತೋಡುವುದಿದ್ದರೆ ಮನೆಗೊಂದು ಆಳು, ಗುಡಿಗೆ ಮಾಡು ಹೊದಿಸುವುದಿದ್ದರೆ ಮನೆಗೊಂದು ತೊಲೆ. ಯಾರಾದರೂ ಕೊಡದಿದ್ದರೆ ಅವರ ಮನೆ ಮುಂದೆ ಹತ್ತು ಜನ ಹೋಗಿ ಕೂತು ಚಹಾ ಕೇಳುತ್ತಿದ್ದರು. ಅಷ್ಟೂ ಜನಕ್ಕೆ ಚಹಾ ಕುಡಿಸುವುದಕ್ಕಿಂತ ತೊಲೆ ಕೊಡುವುದು ಲೇಸು ಎಂದು ಮನೆಯವರಿಗೆ ಬೇಗ ತಿಳಿಯುತ್ತಿತ್ತು.

ನಮ್ಮ ಮನೆ ಸಂತೆಯ ಬಯಲಿಗೆ ಸಮೀಪ. ಒಳಗೆ ಕಾಲಿಟ್ಟರೆ ಎಡಕ್ಕೆ ದನ ಕಟ್ಟುವ ತಗ್ಗು, ಮೆಟ್ಟಿಲು ಹತ್ತಿದರೆ ಪಡಸಾಲೆ. ಅಲ್ಲಿ ಒಂದು ಕಡೆ ಜೋಳದ ಚೀಲಗಳು, ಇನ್ನೊಂದು ಕಡೆ ಅಜ್ಜನ ಗಾದಿ. ಅದರ ಹಿಂದೆ ನಡುಮನೆ, ದೇವರ ಜಗಲಿ, ಕಟ್ಟಕಡೆಗೆ ಅಡಿಗೆಮನೆ. ಮಾಳಿಗೆಯ ಬೆಳಕಿಂಡಿಯಿಂದ ಒಂದು ಬಿಸಿಲುಕೋಲು ಇಳಿದು ಮುಂಜಾನೆ ಒಲೆಯ ಹತ್ತಿರ ಇರುತ್ತಿತ್ತು, ಮಧ್ಯಾಹ್ನಕ್ಕೆ ಹಿಟ್ಟಿನ ಡಬ್ಬಿಯ ತನಕ ಸರಿಯುತ್ತಿತ್ತು. ಆ ಡಬ್ಬಿಯ ಪಕ್ಕ ಕೂತು ನಾನು ಪಾಠ ಓದುತ್ತಿದ್ದೆ. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ನಾನು ಓದುತ್ತ ಓದುತ್ತ ನಿಲ್ಲಿಸಿದರೆ ತಿರುಗಿ ನೋಡುತ್ತಿದ್ದಳು. ಅವ್ವನನ್ನು ನೆನೆಯುವವರೆಲ್ಲ ಈಗ ಅವಳು ಬಲು ಮೆತ್ತಗಿನ ಹೆಂಗಸು ಅನ್ನುತ್ತಾರೆ. ನನಗೆ ಸಿಟ್ಟು ಬರುತ್ತದೆ. ಅವಳು ಮೆತ್ತಗೆ ಮಾತಾಡುತ್ತಿದ್ದಳು, ಅಷ್ಟೇ. ಅವಳ ಹಟದ ಮುಂದೆ ಸೊಕ್ಕಿದ ಎತ್ತೂ ತಲೆ ತಗ್ಗಿಸಬೇಕು.

ನಾನು ಏಳನೆಯ ಇಯತ್ತೆ ಮುಗಿಸಿದ ವರ್ಷ ಊರಿಗೆ ಹೈಸ್ಕೂಲು ಬಂತು. ಬಂತು ಎನ್ನುವುದಕ್ಕಿಂತ ಅಜ್ಜ ಎಳೆದುಕೊಂಡು ಬಂದ ಎನ್ನಬೇಕು. ಕಾಳಿನ ವ್ಯಾಪಾರ ಬಿಟ್ಟು ಕಚೇರಿಗಳಿಗೆ ಅಲೆದ, ನಾಲ್ಕು ಜನರನ್ನು ಕೂಡಿಸಿ ಪಂಚಮಂಡಳಿ ಮಾಡಿದ, ಹತ್ತಿಯ ವ್ಯಾಪಾರಿಯೊಬ್ಬರನ್ನು ಬೆನ್ನುಹತ್ತಿ ಅವರ ಖಾಲಿ ವಖಾರಿಯನ್ನು ಸಾಲಿಗೆ ಬಿಡಿಸಿಕೊಂಡ. ವಖಾರಿ ಎಂದರೆ ಹತ್ತಿಯ ಅಂಡಿಗೆಗಳನ್ನು, ಆ ದೊಡ್ಡ ಮೂಟೆಗಳನ್ನು, ಒಟ್ಟುವ ಉಗ್ರಾಣ. ಊರವರೆಲ್ಲ ಸೇರಿ ಅದನ್ನು ಗುಡಿಸಿ, ಸಾರಿಸಿ, ಬೆಂಚು ಕೂಡಿಸಿದರು. ಅಜ್ಜನ ಚಕ್ಕಡಿ ವಾರಗಟ್ಟಲೆ ಕಲ್ಲು ಹೇರಿತು. ಕೆಲಸಕ್ಕೆ ಬಂದವರಿಗೆ ನಮ್ಮ ಮನೆಯಿಂದ ರೊಟ್ಟಿ, ಪುಂಡಿಪಲ್ಯ. ಅವ್ವ ಬಡಿದ ರೊಟ್ಟಿ ಬುಟ್ಟಿ ಬುಟ್ಟಿ ಹೋದವು. ಅಷ್ಟು ರೊಟ್ಟಿ ಬಡಿಯುವಾಗ ಅವಳ ಮನಸ್ಸಿನಲ್ಲಿ ಏನಿತ್ತೆಂದು ಯಾರೂ ಕೇಳಲಿಲ್ಲ. ಆ ಸಾಲಿಯಲ್ಲಿ ಮಗಳು ಕೂರುತ್ತಾಳೆ ಎಂದೇ ಅವಳು ತಿಳಿದಿದ್ದಳು. ನಾನೂ ಹಾಗೇ ತಿಳಿದಿದ್ದೆ.

ಸಾಲಿ ಸುರುವಾಗುವ ಹಿಂದಿನ ಸಂಜೆ ಅಜ್ಜ ಮತ್ತು ಅಪ್ಪ ಊಟಕ್ಕೆ ಕೂತಿದ್ದರು. ಅವ್ವ ಬಿಸಿ ರೊಟ್ಟಿ ಹಾಕುತ್ತ, ಹುಡುಗಿಗೆ ಹೊಸ ಪಾಟಿಚೀಲ ಹೊಲಿಯಬೇಕು ಎಂದಳು. ಅಜ್ಜ ತಲೆ ಎತ್ತದೆ ಹೇಳಿದ.

"ಚೀಲಾ ಗೀಲಾ ಏನೂ ಬ್ಯಾಡ. ವಖಾರಿ ರಸ್ತೆದ ಆಚಿಗೆ ಐತಿ. ಹಮಾಲರು, ಲಾರಿ ಡ್ರೈವರರು, ಸಂತಿ ಮಂದಿ. ಅದನ್ನೆಲ್ಲಾ ದಾಟಿ ನಮ್ಮ ಮನಿ ಹುಡಿಗಿ ಹೋಗೂದಿಲ್ಲ. ಸಾಲಹಳ್ಳಿಯವರು ಹುಡಿಗೀನ ಮಾಡ್ಕೋತೇವಿ ಅಂತ ಕೇಳ್ಯಾರ. ಹೊಲಾ ಮನಿ ಛಲೋ ಐತಿ."

"ಸಾಲಿ ತಂದವ್ರ ನೀವ ಅಲ್ರೀ ಮಾವಾರ?"

"ಊರಿಗೆ ಸಾಲಿ ಬೇಕು ಅಂದೇನಿ. ಮನಿ ಹುಡಿಗಿಗೆ ಬೇಕು ಅಂದಿಲ್ಲ."

ನಾನು ನಡುಮನೆಯ ಕಂಬದ ಹಿಂದೆ ನಿಂತಿದ್ದೆ. ಕಂಬವನ್ನೇ ಕಚ್ಚಿ ಹಿಡಿದು ಅತ್ತೆ. ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ, ಬಾಯಿ ತೆರೆದ, ಅಜ್ಜನ ಮುಖ ನೋಡಿ ಮತ್ತೆ ರೊಟ್ಟಿ ಮುರಿದ. ಅಪ್ಪ ಒಳ್ಳೆಯವನು, ಆದರೆ ಅವನ ಒಳ್ಳೆಯತನ ಅಜ್ಜನ ಎದುರಿಗೆ ಯಾವಾಗಲೂ ಊಟ ಮಾಡುತ್ತಿರುತ್ತಿತ್ತು. ಅವ್ವ ಹಂಚನ್ನು ಒಲೆಯಿಂದ ಇಳಿಸಿದಳು. ಹಿಟ್ಟು ನಾದುವ ಕೊಣಮಗೆಯಲ್ಲಿ ಇನ್ನೂ ಎರಡು ರೊಟ್ಟಿಯ ಹಿಟ್ಟಿತ್ತು.

"ಹಂಗಾರ ಕೇಳ್ರಿ. ಹುಡಿಗಿ ಸಾಲಿಗೆ ಹೋಗೂತನಕಾ ನಾ ಈ ಒಲಿಮ್ಯಾಲೆ ಹಂಚ ಇಡೂದಿಲ್ಲ."

ಅಜ್ಜ ನಕ್ಕ. ನಕ್ಕದ್ದು ಹಗುರಾಗಿಯೇ.

"ಎಷ್ಟ ದಿನಾ ಇಡೂದಿಲ್ಲ, ನೋಡೂಣಂತ."

ಮರುದಿನ ನಾನು ಎಚ್ಚರಾದಾಗ ಏನೋ ತಪ್ಪಿದಂತಿತ್ತು. ಮೂಲೆಮನೆಯ ಸದ್ದು ಬಂತು, ಕಲ್ಲವ್ವನ ಸದ್ದು ಬಂತು, ನಮ್ಮ ಗೋಡೆಗೆ ಬಂದು ನಿಂತಿತು. ಅವ್ವ ದನಕ್ಕೆ ಮೇವು ಹಾಕಿದ್ದಳು, ಅಂಗಳ ಬಳಿದಿದ್ದಳು, ಈಗ ಅಡಿಗೆಮನೆಯಲ್ಲಿ ತಣ್ಣಗಿನ ಒಲೆಯ ಮುಂದೆ ಕೂತು ಅವರೆಕಾಳು ಹಸನು ಮಾಡುತ್ತಿದ್ದಳು. ಆಯಿ ಸ್ಟವ್ವಿನ ಮೇಲೆ ಅಜ್ಜನಿಗೆ ಚಹಾ ಮಾಡಿಕೊಟ್ಟಳು. ಅಪ್ಪ ಚುರಮರಿಯನ್ನು ಮುಷ್ಟಿಯಲ್ಲಿ ತುಂಬಿಕೊಂಡು ಯಾರೂ ನೋಡದ ಹಾಗೆ ಹಿತ್ತಿಲಿಗೆ ಹೋದ.

ಬಿಸಿಲುಕೋಲು ಒಲೆಯ ಹತ್ತಿರ ಇಳಿಯುವ ಹೊತ್ತಿಗೆ ಬಾಗಿಲಲ್ಲಿ ಕಲ್ಲವ್ವ ಕಾಣಿಸಿಕೊಂಡಳು. ಸೆರಗು ಬಾಯಿಗೆ ಒತ್ತಿಕೊಂಡಿದ್ದಳು, ಕಣ್ಣು ಕೆಂಪಗಿತ್ತು. ತಲೆಯ ಮೇಲೆ ರೊಟ್ಟಿಯ ಬುಟ್ಟಿ, ಕೈಯಲ್ಲಿ ಬೇಳೆಯ ಗುಂಡಿಪಾತ್ರೆ. ನೆಲ ನೋಡಿಕೊಂಡೇ ಮೆಟ್ಟಿಲು ಹತ್ತಿ ಬುಟ್ಟಿಯನ್ನು ಪಡಸಾಲೆಯ ನಡುವೆ ಇಟ್ಟಳು. ಅಜ್ಜನಿಗೆ ಆ ತಿಂಗಳು ಕೆಮ್ಮು ಜೋರಾಗಿತ್ತು, ಅದು ಓಣಿಗೆಲ್ಲ ಗೊತ್ತು. ಕಲ್ಲವ್ವ ಕೂತು, ಹಣೆಗೆ ಕೈ ಹಚ್ಚಿ, ರಾಗ ತೆಗೆದಳು.

"ನಮ್ಮ ಓಣಿ ಹುಲಿ ಹೋತಲ್ಲೋ ನನ್ನಪ್ಪಾ..."

"ಎಲ್ಲಿಗೆ ಹೋತವಾ?" ಎಂದ ಅಜ್ಜ, ಚೀಲಗಳ ಪಕ್ಕದಿಂದ, ಬಸಿಯಲ್ಲಿ ಚಹಾ ಊದುತ್ತ.

ಕಲ್ಲವ್ವ ಚೀರಿದ್ದು ರಸ್ತೆಯ ತನಕ ಕೇಳಿಸಿತಂತೆ.

"ಯಪ್ಪಾ! ನೀವ ಅದೀರಲ್ರೀ!"

"ನಾ ಎಲ್ಲಿ ಹೋಗಲಿ?"

"ನಿಮ್ಮನ್ಯಾಗ ರೊಟ್ಟಿ ಸದ್ದ ಬರಲಿಲ್ರಿ. ಅಳೂ ಸದ್ದೂ ಇರಲಿಲ್ಲ, ಅತ್ತ ಅತ್ತ ಸಾಕಾಗಿ ಕುಂತಾರ ಅಂದ್ಕೊಂಡೆ."

ಅಷ್ಟರಲ್ಲಿ ಮೂಲೆಮನೆಯವರು ಬಂದರು. ಅವರ ಹಿಂದೆ ಎದುರಿನ ಮನೆಗಳವರು. ಎಲ್ಲರದೂ ಬಾಡಿದ ಮುಖ, ತಲೆಯ ಮೇಲೆ ಬುಟ್ಟಿ. ಬಂದವರು ಬುಟ್ಟಿ ಇಟ್ಟ ಮೇಲೆ ಅಜ್ಜನನ್ನು ನೋಡುತ್ತಿದ್ದರು, ಆಮೇಲೆ ಆಯಿ ಎಲ್ಲಿ ಎಂದು ಹುಡುಕುತ್ತಿದ್ದರು, ಅವಳೂ ಕಂಬಕ್ಕೆ ಒರಗಿ ಕೂತದ್ದನ್ನು ನೋಡಿ ಅಪ್ಪನಿಗಾಗಿ ಹುಡುಕುತ್ತಿದ್ದರು. ಅಪ್ಪ ಹಿತ್ತಿಲಿನಿಂದ ಚುರಮರಿ ಜಗಿಯುತ್ತ ಬಂದ. ಅವ್ವ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ಅವಳ ದನಿ ಎಂದಿನಂತೆ ಸಣ್ಣದಾಗಿತ್ತು.

"ಯಾರಿಗೂ ಏನೂ ಆಗಿಲ್ರೆವಾ. ಗಂಗೀನ ಸಾಲಿ ಬಿಡಿಸ್ಯಾರ. ಆಕಿ ಹೋಗೂತನಕಾ ನಾ ಹಂಚ ಇಡೂದಿಲ್ಲ ಅಂತ ಹೇಳೇನಿ. ಅದಕ್ಕ ಸದ್ದ ಬಂದಿಲ್ಲ."

ಹೆಂಗಸರು ನನ್ನನ್ನು ನೋಡಿದರು. ಜೀವಮಾನದಲ್ಲಿ ಅಷ್ಟು ಜನ ನನ್ನನ್ನು ಒಮ್ಮೆಗೇ ನೋಡಿದ್ದು ಅದೇ ಮೊದಲು. ಅಜ್ಜನ ಮುಖ ಕೆಂಪಾಗಿತ್ತು. ತನ್ನ ಸಾವಿನ ರೊಟ್ಟಿ ತನ್ನೆದುರಿಗೇ ಗುಡ್ಡೆ ಬಿದ್ದದ್ದು ಒಂದು ಕಡೆ, ಮನೆಯ ಜಗಳ ಓಣಿಯ ಮುಂದೆ ಬಿಚ್ಚಿದ್ದು ಇನ್ನೊಂದು ಕಡೆ.

"ಆತಲ್ಲಾ, ಯಾರೂ ಸತ್ತಿಲ್ಲ. ನಿಮ್ಮ ನಿಮ್ಮ ಬುಟ್ಟಿ ಒಯ್ರಿ."

ಯಾರೂ ಏಳಲಿಲ್ಲ. ಕಲ್ಲವ್ವ ಕಣ್ಣೊರೆಸಿಕೊಂಡು ಹೇಳಿದಳು.

"ಸಾವಿನ ಮನಿಗಂತ ತಂದ ರೊಟ್ಟಿ ಮರಳಿ ಹ್ಯಾಂಗ ಒಯ್ಯೂಣ್ರಿ? ನಮ್ಮ ಮನ್ಯಾಗ ಸಣ್ಣ ಕೂಸ ಅದಾವು."

"ಸಾವ ಆಗೇ ಇಲ್ಲಲ್ಲಾ!"

"ಆಗೇತಿ ಅಂತ ತಂದೇವ್ರಿ. ತಂದದ್ದು ತಂದಂಗ. ನೀವ ಉಣ್ರಿ ಬೇಕಾರ."

ಅಜ್ಜ ಉಣ್ಣುವುದು ಹೇಗೆ? ಬದುಕಿರುವವನು ತನ್ನ ಸಾವಿಗೆ ಬಂದ ರೊಟ್ಟಿಯನ್ನು ಮನೆಯಲ್ಲಿ ಕೂತು ಉಂಡರೆ ಸಾವಿಗೆ ಕರೆ ಕಳಿಸಿದಂತೆ. ದನಕ್ಕೆ ಹಾಕಲು ಅನ್ನದ ಅಪಮಾನ. ಇಟ್ಟುಕೊಂಡಿರಲು ಅದೇನು ಉಪ್ಪಿನಕಾಯಿಯೇ? ಸರಕಾರದ ಕಚೇರಿಗಳಲ್ಲಿ ವಾದ ಮಾಡಿ ಗೆದ್ದು ಬಂದ ಮನುಷ್ಯ ಪಡಸಾಲೆಯ ಬುಟ್ಟಿಗಳ ಮುಂದೆ ಕೂತು ಗಡ್ಡ ಕೆರೆದುಕೊಂಡ. ಹೆಂಗಸರು ಎದ್ದು ಹೊರಟರು. ಕಲ್ಲವ್ವ ಹೊಸ್ತಿಲಲ್ಲಿ ತಿರುಗಿ ಅವ್ವನಿಗೆ ಹೇಳಿದಳು, ಹೇಳಿದ್ದು ಮಾತ್ರ ಅಜ್ಜನಿಗೆ ಕೇಳುವಂತೆ.

"ನೀಲವ್ವಾ, ನಾಳಿಂದ ನಿನ್ನ ಹಂಚ ಏರೂತನಕಾ ನಮ್ಮ ಹಂಚೂ ಏರೂದಿಲ್ಲ. ನನ್ನ ಮಗಳಿಗೂ ಮುಂದಿನ ವರ್ಷ ಏಳನೇತ್ತೆ ಮುಗೀತೈತಿ."

ಆಗ ಆಯಿ ಎದ್ದಳು. ಆಯಿ ನಮ್ಮ ಮನೆಯಲ್ಲಿ ಮಾತಾಡುತ್ತಿದ್ದದ್ದು ರೊಟ್ಟಿಯ ಸದ್ದಿನ ಬಗ್ಗೆ, ಹವಾಮಾನದ ಬಗ್ಗೆ, ದೇವರ ಬಗ್ಗೆ. ಅಜ್ಜನ ತೀರ್ಮಾನಗಳ ಬಗ್ಗೆ ಎಂದೂ ಇಲ್ಲ. ಎಲ್ಲ ಬುಟ್ಟಿಗಳ ರೊಟ್ಟಿಯನ್ನು ಒಂದೇ ದೊಡ್ಡ ಬುಟ್ಟಿಗೆ ಒಟ್ಟಿದಳು, ಮೇಲೆ ಬಿಳಿ ಅರಿವೆ ಮುಚ್ಚಿದಳು.

"ತಂದವರು ಒಯ್ಯಬಾರದು, ಸಾವಾಗದ ಮನ್ಯಾಗ ಕುಂತು ಉಣಬಾರದು. ಮನಿಯವರು ಹೊರಗ ಒಯ್ದು ಹಸದವ್ರಿಗೆ ಹಾಕಬೌದು, ಅದಕ್ಕ ಯಾರೂ ಬ್ಯಾಡ ಅಂದಿಲ್ಲ. ಹಳ್ಳಿ ಹುಡುಗೂರು ನಡಕೋಂತ ಸಾಲಿಗೆ ಬಂದಿರತಾವು, ಬುತ್ತಿ ತಂದಿರತಾವೋ ಇಲ್ಲೋ. ಗಂಗೀ, ಆ ಬ್ಯಾಳಿ ಗುಂಡಿ ತಗೋ."

"ಏ, ಆಕಿ ಎಲ್ಲಿಗೆ?" ಎಂದ ಅಜ್ಜ.

"ಹಂಗಾರ ಗುಂಡಿ ನೀವ ಹಿಡೀರಿ. ನಾ ಬುಟ್ಟಿ ಹೊರತೇನಿ."

ರೊಟ್ಟಿಬುಟ್ಟಿಯ ಹಿಂದೆ ಬೇಳೆಯ ಗುಂಡಿ ಹಿಡಿದು ಸಂತೆಯ ನಡುವೆ ಹೋಗುವುದು ಅಜ್ಜನಿಂದ ಸಾಧ್ಯವಿರಲಿಲ್ಲ. ಅಪ್ಪ ಅಷ್ಟರಲ್ಲಿ ಮತ್ತೆ ಹಿತ್ತಿಲಿಗೆ ಹೋಗಿದ್ದ. ಅವ್ವ ನನ್ನ ಜಡೆಯ ಗಂಟನ್ನು ಒಮ್ಮೆ ಎಳೆದು ಬಿಗಿ ಮಾಡಿದಳು, ಅಷ್ಟೇ. ಆಯಿಯ ಹಿಂದೆ ನಾನು ಹೊಸ್ತಿಲು ದಾಟಿದೆ. ಹಮಾಲರ ಬಗ್ಗೆ, ಡ್ರೈವರರ ಬಗ್ಗೆ ಕೇಳಿ ಕೇಳಿ ರಸ್ತೆಯ ಆಚೆ ಹುಲಿ ಚಿರತೆ ಇವೆ ಎನ್ನುವಂತಾಗಿತ್ತು ನನಗೆ. ಆಯಿ ರಸ್ತೆಯ ಅಂಚಿಗೆ ನಿಂತಾಗ ಹತ್ತಿ ಹೇರಿದ ಚಕ್ಕಡಿಯವನೊಬ್ಬ ಎತ್ತಿನ ಹಗ್ಗ ಜಗ್ಗಿ, ದಾಟ್ರಿ ಆಯಿ ಎಂದ. ಚೀಲ ಹೊತ್ತ ಹಮಾಲನೊಬ್ಬ ಬದಿಗೆ ಸರಿದು, ಎಲ್ಲಿಗೆ ಹೊಂಟೀರಿ ಎಂದು ಕೇಳಿದ. ಸಾಲಿಗೆ ಎಂದಳು ಆಯಿ. ಅವನು ನನ್ನ ಕಡೆ ನೋಡಿ, ನಮ್ಮ ಹುಡುಗನೂ ಅಲ್ಲೇ ಹೋಗ್ಯಾನ್ರಿ ಎಂದು ಹೇಳಿ ಮುಂದೆ ಹೋದ. ರಸ್ತೆ ದಾಟಿ ಆಗಿತ್ತು.

ವಖಾರಿಯೊಳಗೆ ಇನ್ನೂ ಹತ್ತಿಕಾಳಿನ ವಾಸನೆ. ಆ ವಾಸನೆ ನನಗೆ ಇವತ್ತಿಗೂ ಪುಸ್ತಕದ ವಾಸನೆಗಿಂತ ಹೆಚ್ಚು ಸಾಲಿಯ ವಾಸನೆ. ಗೋಡೆಯಂಚಿನಲ್ಲಿ ಹುಡುಗರು ಕೂತಿದ್ದರು, ಹುಡುಗಿಯರು ಬೆರಳೆಣಿಕೆಯಷ್ಟು. ಆಯಿ ಬುಟ್ಟಿ ಇಳಿಸಿ ಮಾಸ್ತರರಿಗೆ ಕೈಮುಗಿದಳು.

"ನಮ್ಮ ಹುಡಿಗಿ ಬಂದಾಳ್ರಿ. ಹೆಸರ ಹಚ್ಕೋರಿ."

ಮಾಸ್ತರರು ಅಜ್ಜನ ಪಂಚಮಂಡಳಿ ನೇಮಿಸಿದವರು. ಅವರಿಗೆ ಬೆವರು ಬಂತು.

"ಅಜ್ಜಾರು ಹೇಳ್ಯಾರೇನ್ರಿ ಆಯಿ?"

"ಅವರು ಹೇಳೂದ ನಿನ್ನಿಗೇ ಮುಗದೈತಿ. ಈಗ ನಾ ಹೇಳಾಕ ಹತ್ತೇನಿ."

"ಕುಂಡ್ರಲಿ ಕುಂಡ್ರಲಿ. ಹೆಸರ ನಾಳಿಗೆ ಹಚ್ಚತೇನ್ರಿ."

ಅಂದರೆ ನಾಳೆ ನಾನು ಮತ್ತೆ ಬರಬೇಕು, ಬಂದರೆ ಮಾತ್ರ ಹೆಸರು. ನಾನು ಬೆಂಚಿನ ತುದಿಗೆ ಕೂತು ಕೇಳಿದ ಪಾಠ ಏನೆಂದು ನೆನಪಿಲ್ಲ. ನಾಳೆ ನಾಳೆ ಎಂದು ತಲೆಯೊಳಗೆ ಬಡಿದುಕೊಳ್ಳುತ್ತಿತ್ತು. ಆಯಿ ಹಿಂದೆ ಮೂಲೆಯಲ್ಲಿ ಉಳಿದಿದ್ದ ಹತ್ತಿಯ ಅಂಡಿಗೆಯೊಂದರ ಮೇಲೆ ಕೂತು ತೂಕಡಿಸಿದಳು. ಮಧ್ಯಾಹ್ನದ ಬಿಡುವಿನಲ್ಲಿ ಎದ್ದು ರೊಟ್ಟಿ ಹಂಚಿದಳು. ಹಳ್ಳಿಯ ಹುಡುಗರು ಅದು ಯಾರ ಸಾವಿನದೆಂದು ಕೇಳದೆ ಸಪ್ಪನ ಬೇಳೆಯಲ್ಲಿ ಅದ್ದಿಕೊಂಡು ಉಂಡರು. ಆಗಲೇ ಅಜ್ಜ ಬಾಗಿಲಲ್ಲಿ ಬಂದು ನಿಂತ. ಮುಂಜಾನೆಯಿಂದ ಅವನ ಹೊಟ್ಟೆಯಲ್ಲಿ ಚಹಾ ಬಿಟ್ಟರೆ ಏನೂ ಇರಲಿಲ್ಲ. ತಾನೇ ಕಲ್ಲು ಹೇರಿಸಿದ ಸಾಲಿಯಲ್ಲಿ ಮಕ್ಕಳು ಕೂತಿದ್ದನ್ನು ಅವನು ನೋಡುತ್ತಿದ್ದದ್ದು ಅದೇ ಮೊದಲು. ಬೈಯಲು ಬಂದಿದ್ದನೋ ಕರೆಯಲು ಬಂದಿದ್ದನೋ ತಿಳಿಯದು. ಆಯಿ ಬುಟ್ಟಿಯ ತಳದಲ್ಲಿ ಉಳಿದ ಒಂದು ರೊಟ್ಟಿ ತೆಗೆದು ಅವನ ಮುಂದೆ ಹಿಡಿದಳು.

"ತಿನ್ರಿ."

"ಅದು ನನ್ನ ಸಾವಿಗೆ ಬಂದ ರೊಟ್ಟಿ. ನಾ ಇನ್ನೂ ಬದಕೇನಿ."

"ಅದಕ್ಕ ತಿನ್ರಿ ಅನ್ನಾಕ ಹತ್ತೇನಿ. ಇದ ಮನಿ ಅಲ್ಲ, ಸಾಲಿ."

ಅಜ್ಜ ಸುತ್ತ ನೋಡಿದ. ಹಮಾಲನ ಮಗನ ಪಕ್ಕದಲ್ಲಿ ಜಾಗ ಇತ್ತು. ಅಲ್ಲಿ ಕುಕ್ಕರಗಾಲಲ್ಲಿ ಕೂತು ರೊಟ್ಟಿ ಮುರಿದ, ನಿಧಾನವಾಗಿ ಪೂರ್ತಿ ತಿಂದ. ಸಾಲಿ ಬಿಡುವ ತನಕ ಬಾಗಿಲ ಹೊರಗೆ ಕೂತಿದ್ದು ನಮ್ಮ ಹಿಂದೆ ಹಿಂದೆ ಮನೆಗೆ ಬಂದ. ಆ ಸಂಜೆ ಮನೆಯಲ್ಲಿ ಎಲ್ಲರೂ ಚುರಮರಿ ತಿಂದೆವು. ಅವ್ವ ಕೇಳಲಿಲ್ಲ, ಅಜ್ಜ ಹೇಳಲಿಲ್ಲ.

ನಾನು ಮುಂದೆ ರಾಮದುರ್ಗದಲ್ಲಿ ಬಹಳ ವರ್ಷ ಮಾಸ್ತರಿಕೆ ಮಾಡಿದೆ. ಈಗ ನಮ್ಮ ಬೀದಿಯಲ್ಲಿ ರೊಟ್ಟಿಯ ಮಷಿನ್ನು ಬಂದಿದೆ, ಕಟ್ಟು ಕಟ್ಟಿ ಮಾರುತ್ತಾರೆ, ರುಚಿಗೂ ಕಡಿಮೆಯಿಲ್ಲ. ಕೈಸದ್ದು ಕಡಿಮೆಯಾಯಿತೆಂದು ನಾನು ಅಳುವವಳಲ್ಲ, ಬಡಿದವರ ರಟ್ಟೆಗೆ ವಿಶ್ರಾಂತಿ ಸಿಗಲಿ. ಮಗಳನ್ನು ಸಾಲಿ ಬಿಡಿಸುತ್ತೇವೆಂದು ಬಂದ ತಂದೆಯರ ಜೊತೆ ಮಾತ್ರ ನಾನು ಎಂದೂ ಮೆತ್ತಗೆ ಮಾತಾಡಲಿಲ್ಲ. ಮೆತ್ತಗೆ ಮಾತಾಡಿ ಗೆಲ್ಲುವ ಶಕ್ತಿ ಅವ್ವನಿಗಿತ್ತು, ನನಗಿಲ್ಲ. ಅವಳ ಹಟ ಮಾತ್ರ ಬಂತು, ಅದು ಬಂದದ್ದು ಆ ಚುರಮರಿ ತಿಂದ ಮರುದಿನದ ಮುಂಜಾನೆ.

ಆವತ್ತು ಕೋಳಿ ಕೂಗಿತು. ನಾನು ಕೌದಿಯೊಳಗೆ ಉಸಿರು ಬಿಗಿಹಿಡಿದು ಮಲಗಿದ್ದೆ. ಮೂಲೆಮನೆಯಲ್ಲಿ ಸದ್ದಿಲ್ಲ. ಎದುರಿನ ಮನೆಗಳಲ್ಲಿ ಸದ್ದಿಲ್ಲ. ಕಲ್ಲವ್ವನ ಗೋಡೆಯೂ ಸುಮ್ಮನಿತ್ತು. ಇಡೀ ಓಣಿ ಎಚ್ಚರವಾಗಿದೆ ಎಂದು ಗೊತ್ತಾಗುತ್ತಿತ್ತು, ಯಾರೋ ಕೆಮ್ಮುವುದು, ಕೊಡ ಇಡುವುದು ಕೇಳುತ್ತಿತ್ತು, ಆದರೆ ರೊಟ್ಟಿಯಿಲ್ಲ. ನಮ್ಮ ಅಡಿಗೆಮನೆಯಿಂದ ಹೊಗೆಯ ವಾಸನೆ ಬರುತ್ತಿತ್ತು. ಅವ್ವ ಒಲೆ ಹಚ್ಚಿದ್ದಳು, ಹಿಟ್ಟೂ ನಾದಿರಬೇಕು, ಹಂಚನ್ನು ಮಾತ್ರ ಏರಿಸಿರಲಿಲ್ಲ. ಪಡಸಾಲೆಯಲ್ಲಿ ಅಜ್ಜ ಹಾಸಿಗೆಯ ಮೇಲೆ ಎದ್ದು ಕೂತಿದ್ದ. ಹೊರಳಿದ, ಕೆಮ್ಮಿದ, ಗಡಿಯಾರದ ಕಡೆ ನೋಡಿದ. ಜೀವಮಾನದಲ್ಲಿ ಅವನು ಆ ಗಡಿಯಾರವನ್ನು ಹೊತ್ತು ಕೇಳಿದ್ದು ಅದೊಂದೇ ಸಲ ಇರಬೇಕು. ಆಮೇಲೆ ಅಡಿಗೆಮನೆಗೆ ಕೇಳುವ ಹಾಗೆ, ಗೋಡೆಯಾಚೆ ಕಲ್ಲವ್ವನಿಗೂ ಕೇಳುವ ಹಾಗೆ ಕೂಗಿದ.

"ಏ ಗಂಗೀ, ಏಳ. ಸಾಲಿಗೆ ಹೊತ್ತಾತು."

ಹಂಚು ಒಲೆಯ ಮೇಲೆ ಕೂತ ಸದ್ದು ಕೇಳಿಸಿತು. ಆಮೇಲೆ ಎರಡು ಹಗುರ, ಒಂದು ಜೋರು. ನಮ್ಮ ಗೋಡೆಯಿಂದ ಅದು ಕಲ್ಲವ್ವನ ಮನೆಗೆ ದಾಟಿತು, ಅಲ್ಲಿಂದ ಮೂಲೆಮನೆಗೆ, ಎದುರಿನ ಮನೆಗಳಿಗೆ. ಓಣಿಯ ರೊಟ್ಟಿ ಆವತ್ತು ಮೊಟ್ಟಮೊದಲ ಬಾರಿಗೆ ನಮ್ಮ ಮನೆಯಿಂದ ಸುರುವಾಯಿತು. ನಾನು ಕೌದಿ ಒದ್ದು ಎದ್ದೆ.